ಮಧ್ಯಯುಗದ ಖಡ್ಗದ ಪ್ರತಿಕೃತಿಗಳು: ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ?

ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಪ್ರತಿಕೃತಿ ಖಡ್ಗದ ಯೋಗ್ಯತೆ ಅರ್ಧ ಗೊತ್ತಾಗಿಬಿಡುತ್ತದೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಬಳಿ ಅಲಗಿನ ದಪ್ಪ ಅಳೆಯಿರಿ, ಆಮೇಲೆ ಮೊನೆಯಿಂದ ಒಂದು ಗೇಣು ಹಿಂದೆ ಅಳೆಯಿರಿ. ಮಧ್ಯಯುಗದ ಖಡ್ಗಗಳನ್ನು ಆಕಾರ ನೋಡಿ ವಿಂಗಡಿಸುವ ಓಕ್‌ಶಾಟ್ ವರ್ಗೀಕರಣದ 12ನೇ ಮಾದರಿ, ಅಂದರೆ ಅಗಲವಾದ ಅಲಗಿನ ಒಂದು ಕೈಯ ನೈಟ್ ಖಡ್ಗ, ಬುಡದಲ್ಲಿ ಸುಮಾರು 5 ಮಿ.ಮೀ. ಇದ್ದು ಮೊನೆಯ ಹತ್ತಿರ ಅದರ ಅರ್ಧಕ್ಕೆ ಇಳಿಯಬೇಕು. ಅಗ್ಗದವುಗಳಲ್ಲಿ ಈ ಇಳಿತವೇ ಇರುವುದಿಲ್ಲ, ಪಟ್ಟಿಯನ್ನು ಆಕಾರಕ್ಕೆ ಕತ್ತರಿಸಿ ಅಂಚು ಉಜ್ಜಿರುತ್ತಾರೆ ಅಷ್ಟೆ. ಪರಿಣಾಮ ಕೈಗೆ ತಕ್ಷಣ ಗೊತ್ತಾಗುತ್ತದೆ: ತೂಕವೆಲ್ಲ ಮುಂದೆ ಜಗ್ಗುತ್ತದೆ, ಬೀಸಿದ ಅಲಗನ್ನು ತಡೆದು ನಿಲ್ಲಿಸುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ.

ಈ ಬಗೆಯ ಮೂಲ ಖಡ್ಗಗಳು ಹೆಚ್ಚಾಗಿ 1.1ರಿಂದ 1.3 ಕೆ.ಜಿ. ತೂಗುತ್ತವೆ, ತೂಕದ ಮಧ್ಯಬಿಂದು ಅಡ್ಡಪಟ್ಟಿಯಿಂದ 10–15 ಸೆಂ.ಮೀ. ಮುಂದಿರುತ್ತದೆ. ಮಾರುವವರು ಒಟ್ಟು ತೂಕವನ್ನಷ್ಟೇ ಹೇಳಿದರೆ ಮಧ್ಯಬಿಂದುವನ್ನೂ ದಪ್ಪವನ್ನೂ ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ.

ಉಕ್ಕಿನ ವಿಷಯದಲ್ಲಿ ಅನುಮಾನವೇ ಬೇಡ. ಸ್ಟೇನ್‌ಲೆಸ್ ಅಲಗು ಗೋಡೆಗೆ ಮಾತ್ರ. ಇಷ್ಟು ಉದ್ದಕ್ಕೆ ಅದು ಪೆಡಸು, ಬೀಸಿದಾಗ ಮುರಿದು ಹಾರುವ ಅಪಾಯ ನಿಜವಾದದ್ದು. 1060, 5160, 6150 ದರ್ಜೆಯ ಉಕ್ಕು ನಂಬಿಕಸ್ಥ, ಆದರೆ ದರ್ಜೆಗಿಂತ ಕಾಯಿಸಿ ತಣಿಸಿ ಕೊಟ್ಟ ಹದ ದೊಡ್ಡದು. ರಾಕ್‌ವೆಲ್ ಮಾಪನದಲ್ಲಿ 50ರ ಆಸುಪಾಸು ಗಡಸಿದ್ದರೆ ಅಲಗು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಸ್ವಲ್ಪ ಬಾಗಿಸಿ ಬಿಟ್ಟಾಗ ಸೊಟ್ಟಗೇ ಉಳಿದರೆ ಹದ ತಪ್ಪಿದೆ ಎಂದರ್ಥ.

ವರ್ಷಗಳ ಬಳಕೆಯಲ್ಲಿ ಮೊದಲು ಕೈಕೊಡುವುದು ಹಿಡಿ. ಅಲಗಿನ ಬಾಲ ಹಿಡಿಯೊಳಗೆ ಅಗಲವಾಗಿ ಹಾದು ಪಾಮೆಲ್‌ನ (ಹಿಡಿಯ ಕೊನೆಯ ಗುಂಡಿನ) ಆಚೆ ಬಡಿದು ಮುಚ್ಚಿದ್ದರೆ ಉತ್ತಮ. ತೆಳು ಕಂಬಿಯನ್ನು ಬೆಸುಗೆ ಹಾಕಿ ಉದ್ದ ಮಾಡಿದ್ದರೆ ಆ ಬೆಸುಗೆಯಲ್ಲೇ ಮುರಿಯುತ್ತದೆ. ನಟ್ ಹಾಕಿ ಬಿಗಿದ ಜೋಡಣೆ ಕೆಟ್ಟದ್ದೇನಲ್ಲ, ಬಿಚ್ಚಿ ಶುಚಿ ಮಾಡುವ ಅನುಕೂಲವಿದೆ. ಪ್ರತಿ ಹೊಡೆತದ ಕಂಪನಕ್ಕೆ ನಟ್ ಸಡಿಲವಾಗುತ್ತಾ ಬರುವುದರಿಂದ ನೀಲಿ ಲಾಕ್‌ಟೈಟ್ (ನಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಬಲವಾಗಿ ತಿರುಗಿಸಿದರೆ ಹಿಡಿಯ ಮರ ಸೀಳುತ್ತದೆ. ಸಡಿಲಗೊಂಡದ್ದು ತಿಳಿಯಲು ಖಡ್ಗ ಹಿಡಿದು ಇನ್ನೊಂದು ಕೈಯಿಂದ ಪಾಮೆಲ್‌ಗೆ ಮೆಲ್ಲಗೆ ಗುದ್ದಿ. ಕಟಕಟ ಸದ್ದು ಬಂದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ.

ಅಮೆರಿಕದ ವಿಸ್ಕಾನ್ಸಿನ್‌ನ ಆಲ್ಬಿಯನ್ ಕಂಪನಿಯ ಖಡ್ಗಗಳ ಬೆಲೆ ಸಾವಿರ ಡಾಲರ್ ದಾಟುತ್ತದೆ. ಸ್ವೀಡನ್ನಿನ ಪೀಟರ್ ಯಾನ್ಸನ್ ಮ್ಯೂಸಿಯಂಗಳ ಮೂಲ ಖಡ್ಗಗಳನ್ನು ಖುದ್ದು ಅಳೆದು ವಿನ್ಯಾಸ ಮಾಡಿದ್ದು ಆ ಅಲಗುಗಳಲ್ಲಿ ಕಾಣುತ್ತದೆ, ಬೆಲೆ ದಂಡವಲ್ಲ. ಚೀನಾದ ಹ್ಯಾನ್‌ವೇ ಕಂಪನಿಯ 'ಟಿಂಕರ್' ಸಾಲಿನ ಖಡ್ಗಗಳು ಅದಕ್ಕಿಂತ ಬಹಳ ಅಗ್ಗ. 5160 ಉಕ್ಕಿನ ಆ ಅಲಗುಗಳ ಇಳಿತ ಚೆನ್ನಾಗಿದೆ, ಹಿಡಿಯ ಕೆಲಸ ಒರಟು. ಮೊದಲ ಖಡ್ಗಕ್ಕೆ ನನ್ನ ಮತ ಇದಕ್ಕೇ. ನಮ್ಮ ಡೆಹ್ರಾಡೂನ್‌ನಲ್ಲಿ 1943ರಿಂದ ನಡೆಯುತ್ತಿರುವ ವಿಂಡ್ಲಾಸ್ ಕಂಪನಿ, ಮಾದರಿಗಳ ವೈವಿಧ್ಯಕ್ಕೂ ಕಡಿಮೆ ಬೆಲೆಗೂ ಹೆಸರಾದದ್ದು. ಅಲ್ಲಿ ಮಾದರಿಯಿಂದ ಮಾದರಿಗೆ ಅಳತೆ ನೋಡಿಯೇ ಆರಿಸಬೇಕು.

ಕರಾವಳಿ, ಮಲೆನಾಡಿನವರಿಗೆ ಮುಂದಿನ ಮಾತು. ಚರ್ಮದ ಒರೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹದಮಾಡಿದ ಚರ್ಮದ ಆಮ್ಲವೂ ಸೇರಿ ಒಂದೇ ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬೀಳುತ್ತವೆ. ಖಡ್ಗವನ್ನು ಒರೆಯಿಂದ ಹೊರಗಿಡಿ. ಮುಟ್ಟಿದಾಗಲೆಲ್ಲ ಬೆರಳಚ್ಚು ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ತುಕ್ಕು ಕಂಡರೆ ನಾಲ್ಕು ಸೊನ್ನೆಯ (0000, ಅತಿ ನಯವಾದ) ಉಕ್ಕಿನ ನಾರಿಗೆ ಎಣ್ಣೆ ಹಚ್ಚಿ, ಅಲಗಿನ ಉದ್ದಕ್ಕೆ ಮಾತ್ರ ಉಜ್ಜಿ. ಅಡ್ಡಕ್ಕೆ ಉಜ್ಜಿದ ಗೀರು ಹೋಗುವುದಿಲ್ಲ.

ತರಿಸುವ ಮುನ್ನ ಇನ್ನೊಂದು ವಿಷಯ: 9 ಇಂಚಿಗಿಂತ ಉದ್ದದ ಹರಿತ ಅಲಗು 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಸಾಣೆ ಹಿಡಿಯದ ಆವೃತ್ತಿಯನ್ನೇ ಕೇಳಿ, ನಿಮ್ಮ ಊರಿನ ನಿಯಮವನ್ನು ಠಾಣೆಯಲ್ಲಿ ವಿಚಾರಿಸಿ.