ಮೂರು ವರ್ಷ ಒಂದೇ ಲ್ಯಾಪ್‌ಟಾಪ್‌ನಲ್ಲಿ ಡಿಸೈನ್ ಕೆಲಸ: ಪರದೆ ಗೆದ್ದಿತು, ರ‍್ಯಾಮ್ ಸಾಲದಾಯಿತು

ಈ ಲ್ಯಾಪ್‌ಟಾಪ್ ಕೊಂಡು ಮೂರು ವರ್ಷ ತುಂಬಿತು. ಪುಸ್ತಕದ ಮುಖಪುಟ, ಪೋಸ್ಟರ್, ಲೋಗೊ ಎಂದು ದಿನಕ್ಕೆ ಏಳೆಂಟು ಗಂಟೆ ಇದರ ಮುಂದೆಯೇ ಕೂತಿರುತ್ತೇನೆ. 15 ಇಂಚಿನ ಪರದೆ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಜೊತೆಗೆ 4 ಜಿಬಿಯ ಗ್ರಾಫಿಕ್ಸ್ ಕಾರ್ಡ್.

ಪರದೆಯನ್ನು ನೋಡಿಯೇ ಇದನ್ನು ಆರಿಸಿದ್ದು. ಅದಕ್ಕೆ ಕಾರಣವಿದೆ. ಹಿಂದಿನ ಲ್ಯಾಪ್‌ಟಾಪ್‌ನ ವಿವರದಲ್ಲಿ ‘45% ಎನ್‌ಟಿಎಸ್‌ಸಿ’ (ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದರ ಒಂದು ಅಳತೆ) ಎಂದು ಬರೆದಿತ್ತು, ನಾನು ಗಮನಿಸಿರಲಿಲ್ಲ. ಅಂಥ ಪರದೆ ಎಸ್‌ಆರ್‌ಜಿಬಿ (ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ವ್ಯಾಪ್ತಿ) ಬಣ್ಣಗಳಲ್ಲಿ ನೂರಕ್ಕೆ ಸುಮಾರು 60ರಿಂದ 65 ಪಾಲನ್ನಷ್ಟೇ ತೋರಿಸುತ್ತದೆ, ಅದರಲ್ಲೂ ಕೆಂಪು ತೀರಾ ಸಪ್ಪೆ. ಒಂದು ಮುಖಪುಟದಲ್ಲಿ ಲೇಖಕರ ಫೋಟೊ ಬಿಳಿಚಿಕೊಂಡಂತೆ ಕಂಡಿತೆಂದು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುತ್ತಾ ಹೋದೆ. ಅಚ್ಚಾಗಿ ಬಂದಾಗ ಆ ಮುಖ ಬಿಸಿಲಲ್ಲಿ ಬೆಂದ ಹಾಗಿತ್ತು. ಪ್ರತಿಗಳೆಲ್ಲ ಆಗಲೇ ಬೈಂಡ್ ಆಗಿದ್ದವು. ಆ ಪುಸ್ತಕ ಕೈಗೆ ಸಿಕ್ಕಾಗಲೆಲ್ಲ ಇವತ್ತಿಗೂ ನನಗೆ ನೋವಾಗುತ್ತದೆ.

ಹಾಗಾಗಿ ಈ ಸಲ 100% ಎಸ್‌ಆರ್‌ಜಿಬಿ ಇರಲೇಬೇಕು, ಡೆಲ್ಟಾ ಇ (ನಿಜವಾದ ಬಣ್ಣಕ್ಕೂ ಪರದೆ ತೋರಿಸುವುದಕ್ಕೂ ಇರುವ ವ್ಯತ್ಯಾಸ) 2ಕ್ಕಿಂತ ಕಡಿಮೆ ಇರಬೇಕು ಎಂದು ಹಟ ಹಿಡಿದೆ. ಮೂರು ವರ್ಷದಲ್ಲಿ ಚರ್ಮದ ಬಣ್ಣ ಒಮ್ಮೆಯೂ ಕೈಕೊಟ್ಟಿಲ್ಲ. ಪರದೆಯೊಂದೇ ಅಲ್ಲ, ಅಭ್ಯಾಸವೂ ಮುಖ್ಯ: ಎರಡು ತಿಂಗಳಿಗೊಮ್ಮೆ ಪರದೆಯ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಇಟ್ಟು ಬಿಳಿಯನ್ನು 6500 ಕೆಲ್ವಿನ್‌ಗೆ (ಹಗಲು ಬೆಳಕಿನ ಬಿಳುಪು) ಹೊಂದಿಸುತ್ತೇನೆ. ಅಚ್ಚಿನ ಕೆಲಸವಿದ್ದರೆ ಪರದೆಯ ಬೆಳಕನ್ನು 120 ನಿಟ್ಸ್ (ಬೆಳಕಿನ ಅಳತೆ) ಆಸುಪಾಸಿಗೆ ಇಳಿಸುತ್ತೇನೆ. ಪೂರ್ತಿ ಬೆಳಕಿನಲ್ಲಿ ಕೆಲಸ ಮಾಡಿ ‘ಪ್ರಿಂಟ್ ಕಪ್ಪಾಗಿ ಬಂತು’ ಎಂದು ಪ್ರೆಸ್ಸಿನವರನ್ನು ದೂರುವವರು ಬಹಳ ಮಂದಿ. 2880×1800 ರೆಸಲ್ಯೂಶನ್‌ನ ಬೆಲೆ ಗೊತ್ತಾದದ್ದು ಕನ್ನಡ ಅಕ್ಷರ ಜೋಡಿಸುವಾಗ. ‘ಲಕ್ಷ್ಮಿ’ಯ ಒತ್ತು ಮೇಲಿನ ಅಕ್ಷರಕ್ಕೆ ತಾಗುತ್ತಿದೆಯೇ ಎಂದು ಝೂಮ್ ಮಾಡದೆಯೇ ಕಾಣುತ್ತದೆ.

ಎಡವಿದ್ದು ರ‍್ಯಾಮ್‌ನಲ್ಲಿ. ಇದರ ರ‍್ಯಾಮ್ ಮದರ್‌ಬೋರ್ಡ್‌ಗೇ ಬೆಸೆದದ್ದು, ಆಮೇಲೆ ಹೆಚ್ಚಿಸಿಕೊಳ್ಳಲು ದಾರಿಯಿಲ್ಲ. ಮೊದಲ ವರ್ಷ 16 ಜಿಬಿ ಧಾರಾಳವಾಗಿತ್ತು. ಈಗ ದೊಡ್ಡ ಪೋಸ್ಟರ್‌ಗಳು ಬರುತ್ತಿವೆ. 300 ಡಿಪಿಐನ (ಇಂಚಿಗೆ 300 ಚುಕ್ಕಿ) ಎ2 ಅಳತೆಯಲ್ಲಿ ಪೂರ್ತಿ ತುಂಬಿದ ಒಂದು ಲೇಯರ್‌ಗೇ ಸುಮಾರು 100 ಎಂಬಿ ಬೇಕು. ಅಂಥವು ಮೂವತ್ತಾದವು, ಹಿಂದೆ ಇಲ್ಲಸ್ಟ್ರೇಟರ್ ಮತ್ತು ಬ್ರೌಸರ್ ತೆರೆದಿವೆ ಎಂದರೆ ಫೋಟೊಶಾಪ್ ಸ್ಕ್ರ್ಯಾಚ್ ಡಿಸ್ಕ್‌ಗೆ (ನೆನಪು ಸಾಲದಾಗ ಬಳಸುವ ಎಸ್‌ಎಸ್‌ಡಿಯ ಜಾಗ) ಇಳಿಯುತ್ತದೆ, ಬ್ರಶ್ ಕೈಗಿಂತ ಹಿಂದೆ ಬೀಳುತ್ತದೆ. ಈಗ ಕೊಳ್ಳುವವರು 32 ಜಿಬಿಗೇ ಹೋಗಿ, ಇಲ್ಲವೇ ರ‍್ಯಾಮ್ ಸ್ಲಾಟ್ ಇರುವುದನ್ನು ಹುಡುಕಿ. ಎಸ್‌ಎಸ್‌ಡಿಗೆ ಮಾತ್ರ ಎರಡನೇ ಸ್ಲಾಟ್ ಇತ್ತು, 1 ಟಿಬಿ ಹಾಕಿಕೊಂಡೆ.

ಗ್ರಾಫಿಕ್ಸ್ ಕಾರ್ಡ್‌ಗೆ ಇಷ್ಟೊಂದು ಹಣ ಸುರಿಯಬೇಕಿರಲಿಲ್ಲ. ವಿಡಿಯೊ, 3ಡಿ ಮಾಡುವವರಿಗೆ ಅದು ಬೇಕೇಬೇಕು. ನನ್ನಂತೆ ಮುಖಪುಟ, ಲೋಗೊ ಮಾಡುವವರಿಗೆ ಅದರ ಹಣ ರ‍್ಯಾಮ್‌ಗೆ ಹೋಗುವುದೇ ಮೇಲು.

ಬ್ಯಾಟರಿ ಆರು ಗಂಟೆಯಿಂದ ಮೂರಕ್ಕೆ ಇಳಿದಿದೆ. ಎರಡನೇ ವರ್ಷದ ಕೊನೆಗೆ ಫ್ಯಾನ್ ಸದಾ ಬೊಬ್ಬಿಡುತ್ತಿತ್ತು, ದೊಡ್ಡ ಫೈಲ್ ಎಕ್ಸ್‌ಪೋರ್ಟ್ ಮಾಡಿದರೆ ಬಿಸಿಯೇರಿ ವೇಗ ಕುಸಿಯುತ್ತಿತ್ತು. ಬಿಚ್ಚಿಸಿ ನೋಡಿದಾಗ ಗಾಳಿ ಹೋಗುವ ದಾರಿಯಲ್ಲಿ ಧೂಳು ಬಟ್ಟೆಯಂತೆ ಕಟ್ಟಿಕೊಂಡಿತ್ತು. ಅದನ್ನು ತೆಗೆಸಿ, ಪ್ರೊಸೆಸರ್ ಮೇಲಿನ, ಬಿಸಿಯನ್ನು ಹೊರಗೆ ಸಾಗಿಸುವ ಪೇಸ್ಟ್ ಬದಲಿಸಿದ ಮೇಲೆ ಮತ್ತೆ ಮೊದಲಿನ ಹಾಗೆ ನಡೆಯುತ್ತಿದೆ.