ಆಫೀಸ್ ದುಡ್ಡಲ್ಲಿ ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಮನೆ ಸಾಗಿಸಿದ ಕಥೆ: ಮೂವರ್ಸ್‌ಗೆ 3 ಸ್ಟಾರ್, ಮಿಕ್ಕಿದ್ದಕ್ಕೆ ಎಷ್ಟು ಕೊಡೋದು ನೀವೇ ಹೇಳಿ

ಈ ರಿವ್ಯೂ ಬರೀಬೇಕು ಅಂತ ಮೂರು ವರ್ಷದಿಂದ ಅನ್ಕೊಳ್ತಾನೇ ಇದ್ದೆ, ಸೋಮಾರಿತನ. ಮೊನ್ನೆ ಫ್ರೆಂಡ್ ಒಬ್ಬ ಫೋನ್ ಮಾಡಿ "ನಮ್ ಕಂಪನಿನೂ ಟೆಕ್ಸಾಸ್‌ಗೆ ಹೊರಟಿದೆ ಕಣೋ, ರೀಲೊಕೇಶನ್ ಪ್ಯಾಕೇಜ್ ಕೊಡ್ತಾರಂತೆ, ಒಪ್ಕೊಂಡ್ಬಿಡ್ಲಾ" ಅಂತ ಕೇಳಿದ. ಒಂದೂವರೆ ಗಂಟೆ ಅವನ ತಲೆ ತಿಂದೆ. ಅದನ್ನೇ ಇಲ್ಲಿ ಹಾಕ್ತಿದೀನಿ. ಕಂಪನಿ ಹೆಸರು, ಮೂವರ್ಸ್ ಹೆಸರು ಎರಡೂ ಹಾಕಲ್ಲ, ಇನ್ನೂ ಅಲ್ಲೇ ಸಂಬಳ ತಗೊಳ್ತಿದೀನಿ ಸ್ವಾಮಿ.

2022ರಲ್ಲಿ ನಮ್ಮ ಹೆಡ್ ಆಫೀಸ್ ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಟೆಕ್ಸಾಸ್‌ನ ಆಸ್ಟಿನ್‌ಗೆ ಹೋಯ್ತು. ಆಗ ಅದು ಒಂಥರಾ ಜಾತ್ರೆ. ಒರಾಕಲ್ 2020ರ ಕೊನೇಲಿ ಹೋಗಿತ್ತು, ಟೆಸ್ಲಾ 2021ರಲ್ಲಿ, ಎಚ್‌ಪಿ ಎಂಟರ್‌ಪ್ರೈಸ್‌ನವರು ಹ್ಯೂಸ್ಟನ್ ಕಡೆಗೆ. ನಮ್ಮೋರೂ ಟೌನ್‌ಹಾಲ್ ಅಂತ ಇಡೀ ಆಫೀಸಿನ ಮೀಟಿಂಗ್ ಕರೆದು ಸ್ಲೈಡ್ ಹಾಕಿ, ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಮನೆ ಅಗ್ಗ, ಬನ್ನಿ ಅಂದ್ರು.

ಮೊದಲು ಸಾಮಾನು ಸಾಗಿಸೋ ಸರ್ವಿಸ್. ಒಳ್ಳೇದು ಹೇಳೇ ಶುರು ಮಾಡ್ತೀನಿ. ಕ್ಯಾಲಿಫೋರ್ನಿಯಾ ಕಡೆ ಬಂದ ನಾಲ್ಕು ಜನ ಬೆಳಿಗ್ಗೆ ಎಂಟಕ್ಕೆ ಬಂದ್ರೆ ಸಂಜೆ ಐದರೊಳಗೆ ಇಡೀ ಮನೆ ಪ್ಯಾಕು, ದೇವರ ಮಂಟಪನ ನನಗಿಂತ ಜೋಪಾನವಾಗಿ ಸುತ್ತಿದ್ರು. 1,700 ಮೈಲಿ ಮೇಲಿನ ದಾರಿ, ಒಂಬತ್ತನೇ ದಿನಕ್ಕೆ ಲಾರಿ ಬಂತು, ಹೇಳಿದ ದಿನಕ್ಕೇ ಬಂತು. ಇದಕ್ಕೆ ಪೂರ್ತಿ ಮಾರ್ಕ್ಸ್.

ಇಳಿಸಿದ ಮೇಲೆ ನೋಡಿದ್ರೆ ಟಿವಿ ಸ್ಕ್ರೀನ್ ಒಡೆದಿದೆ. ಆಯ್ತು, ಕ್ಲೇಮ್ ಹಾಕೋಣ ಅಂತ ಹಾಕಿದೆ. 21 ಡಾಲರ್ ಬಂತು! ಯಾಕಂದ್ರೆ ಆಫೀಸ್‌ನೋರು ಮೂವರ್ಸ್ ಜೊತೆ ಮಾಡ್ಕೊಂಡಿದ್ದ ಕಾಂಟ್ರಾಕ್ಟಲ್ಲಿ ಫುಲ್ ವ್ಯಾಲ್ಯೂ, ಅಂದ್ರೆ ಸಾಮಾನಿನ ಪೂರ್ತಿ ಬೆಲೆ ಕೊಡೋದು, ಇರ್ಲಿಲ್ಲ, ಕಮ್ಮಿ ಕಟ್ಟೋ ಆಪ್ಶನ್ ಇತ್ತು, ಅದರಲ್ಲಿ ಪೌಂಡ್‌ಗೆ 60 ಸೆಂಟ್ಸ್ ಲೆಕ್ಕ. ಟಿವಿ 35 ಪೌಂಡ್. ಅಂದ್ರೆ ನನ್ನ ಟಿವಿನೂ ಒಂದೇ, ಅಷ್ಟೇ ತೂಕದ ಈರುಳ್ಳಿ ಮೂಟೆನೂ ಒಂದೇ. ಅದಕ್ಕೆ ಸೈನ್ ಹಾಕಿದ್ದು ನಾನಲ್ಲ. ಗಿರಾಕಿ ಆಫೀಸು, ಒಡೆದಿದ್ದು ನನ್ನ ಟಿವಿ. ಜಗಳ ಆಡೋಣ ಅಂದ್ರೆ ಮೂವರ್ಸ್ "ನಿಮ್ಮ ಕಂಪನಿನ ಕೇಳಿ" ಅಂತಾರೆ, ಎಚ್‌ಆರ್ "ವೆಂಡರ್‌ನ ಕೇಳಿ" ಅಂತಾರೆ.

ಗ್ರೈಂಡರ್ ಕಥೆ ಬೇರೆ. ಕೊಯಂಬತ್ತೂರಿನ ಟೇಬಲ್ ಟಾಪ್ ಗ್ರೈಂಡರ್ ಅದು, ನಮ್ಮನೆಯವಳು ಯಾರ ಕೈಗೂ ಕೊಡಲ್ಲ ಅಂತ ತಾನೇ ಮೂರು ಬೆಡ್‌ಶೀಟ್ ಸುತ್ತಿ ಡಬ್ಬಕ್ಕೆ ಹಾಕಿದ್ಲು. ಡ್ರೈವರ್ ಪಟ್ಟಿಲಿ ಅದರ ಮುಂದೆ ಪಿಬಿಒ ಅಂತ ಬರ್ಕೊಂಡ, ಓನರೇ ಪ್ಯಾಕ್ ಮಾಡಿದ್ದು ಅಂತ ಅರ್ಥ. ಕಲ್ಲು ಬಿರುಕು ಬಿಟ್ಟಿತ್ತು. ಪಿಬಿಒ ಆದ್ರೆ ಒಳಗಡೆ ಏನಾದ್ರೂ ಸಾಮಾನ್ಯವಾಗಿ ಅವರ ಜವಾಬ್ದಾರಿ ಅಲ್ಲ ಅಂತಾರೆ, ನಂಗೆ ಸಿಕ್ಕಿದ್ದು ಸೊನ್ನೆ ಡಾಲರ್. ಅದನ್ನ ಇವತ್ತಿಗೂ ನನ್ನ ತಪ್ಪು ಅಂತಾಳೆ.

ಆಸ್ಟಿನ್‌ನಲ್ಲಿ ಇಳಿಸೋಕೆ ಬಂದವರು ಬೇರೆ ಹುಡುಗರು, ಡ್ರೈವರ್ ಅಲ್ಲೇ ದಿನಗೂಲಿಗೆ ಹಿಡ್ಕೊಂಡು ಬಂದಿದ್ದು. ನಮ್ ಕಡೆ ಹಮಾಲರು ಅಂತೀವಲ್ಲ, ಇಲ್ಲಿ ಲಂಪರ್ ಅಂತಾರೆ. ಅದರಲ್ಲಿ ಒಬ್ಬನ ಕಾಲ್ ಮೇಲೆ ವಾಷಿಂಗ್ ಮೆಷಿನ್ ಕೂತ್ಕೊಂಡ್ತು. ಶೂ ಬಿಚ್ಚಿ, ನಮ್ಮ ಡಬ್ಬಕ್ಕೆ ಹಾಕೋ ಟೇಪನ್ನೇ ಸುತ್ಕೊಂಡು ಮತ್ತೆ ಸೋಫಾ ಎತ್ತೋಕೆ ನಿಂತ. ನಾನು ವರ್ಕರ್ಸ್ ಕಾಂಪ್, ಅದೇ ಕೆಲಸದಲ್ಲಿ ಏಟಾದ್ರೆ ಮಾಲೀಕರು ಮಾಡಿಸಿರೋ ಇನ್ಶೂರೆನ್ಸ್, ಇಲ್ವಾ ಅಂದೆ. ನಕ್ಕ ಅಷ್ಟೇ. ಆಮೇಲೆ ಗೊತ್ತಾಯ್ತು, ಪ್ರೈವೇಟ್ ಮಾಲೀಕರು ಆ ಇನ್ಶೂರೆನ್ಸೇ ಬೇಡ ಅಂತ ಹೊರಗುಳಿಯೋಕೆ ಟೆಕ್ಸಾಸ್ ಬಿಡತ್ತೆ. ಮಿನಿಮಮ್ ವೇಜ್ ನೋಡಿದ್ರೆ ಇಲ್ಲಿ ಫೆಡರಲ್ 7.25 ಡಾಲರೇ, 2009ರಿಂದ ಅಲ್ಲೇ ನಿಂತಿದೆ, ನಾವು ಬಿಟ್ಟು ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ನಮ್ಮಂಥ ಕಂಪನಿಗಳಿಗೆ 15 ಇತ್ತು. ಟೌನ್‌ಹಾಲ್ ಸ್ಲೈಡಲ್ಲಿ ಇದೆಲ್ಲ ಇರ್ಲಿಲ್ಲ.

ಈಗ ಪ್ಯಾಕೇಜ್ ವಿಚಾರ. 10,000 ಡಾಲರ್ ಲಂಪ್‌ಸಮ್, ಅಂದ್ರೆ ಒಂದೇ ಗಂಟಲ್ಲಿ, ಅಂದ್ರು, ಕೈಗೆ ಬಂದಿದ್ದು ಆರೂ ಕಾಲು ಸಾವಿರ ಚಿಲ್ಲರೆ. 2018ರಿಂದ ಆಫೀಸ್ ಕೊಡೋ ಮೂವಿಂಗ್ ದುಡ್ಡಿಗೂ ಫೆಡರಲ್ ಟ್ಯಾಕ್ಸ್ ಇದೆ, ಕೆಲವು ಕಂಪನಿ ಗ್ರಾಸ್-ಅಪ್ ಅಂತ ಆ ಟ್ಯಾಕ್ಸನ್ನೂ ತಾವೇ ತುಂಬ್ತಾರೆ, ನಮ್ಮೋರು ಲಾರಿ ಬಿಲ್ಲಿಗೆ ಮಾತ್ರ ತುಂಬಿದ್ರು. ಅದೂ ದುಡ್ಡು ಹಾಕಿದ್ದು ನಾನಿನ್ನೂ ಕ್ಯಾಲಿಫೋರ್ನಿಯಾ ಪೇರೋಲ್‌ನಲ್ಲಿ ಇದ್ದಾಗ, ಆ ರಾಜ್ಯನೂ ಹೋಗ್ತಾ ಹೋಗ್ತಾ ಒಂದು ತುತ್ತು ಕಿತ್ಕೊಳ್ತು. ಮೇಲಿಂದ ಎರಡು ವರ್ಷದೊಳಗೆ ಕೆಲಸ ಬಿಟ್ರೆ ವಾಪಸ್ ಕಟ್ಟಬೇಕು ಅಂತ ಬಾಂಡ್. ಸಂಬಳದಲ್ಲಿ ಊರು ಅಗ್ಗ ಅನ್ನೋ ಕಾರಣಕ್ಕೆ ನೂರಕ್ಕೆ ಎಂಟು ಕಟ್.

ವೀಸಾದವರು ಇದನ್ನ ಎರಡು ಸಲ ಓದಿ. ಎಚ್-1ಬಿಲಿ ಬೇರೆ ಊರಿಗೆ ಹೀಗೆ ಹೋಗೋಕೆ ಅಮೆಂಡ್‌ಮೆಂಟ್, ಅಂದ್ರೆ ಅರ್ಜಿ ತಿದ್ದುಪಡಿ, ಫೈಲ್ ಆಗ್ಲೇಬೇಕು. ಗ್ರೀನ್ ಕಾರ್ಡ್‌ನ ಮೊದಲ ಮೆಟ್ಟಿಲು ಪರ್ಮ್ ಅನ್ನೋದು ಆ ಕೆಲಸದ ಜಾಗಕ್ಕೇ ಕಟ್ಟಿರೋದು, 1,700 ಮೈಲಿ ಸರಿದ್ರೆ ಮತ್ತೆ ಹೊಸದಾಗಿ ಮಾಡ್ಬೇಕು. ನಂದು ಅದರ ಮುಂದಿನ ಮೆಟ್ಟಿಲು ಐ-140 ಆಗಿತ್ತು, ಪ್ರಯಾರಿಟಿ ಡೇಟ್, ಅಂದ್ರೆ ಕ್ಯೂನಲ್ಲಿ ನನ್ನ ಜಾಗ, ಉಳೀತು. ಪಕ್ಕದ ಟೀಮ್ ಹುಡುಗಂದು ಪರ್ಮ್ ಇನ್ನೂ ಅರ್ಧಕ್ಕೆ ನಿಂತಿತ್ತು, ಪಾಪ, ಮೊದಲಿಂದ ಶುರು. ಬೇಡ ಅಂತ ಹೇಳೋ ಸ್ವಾತಂತ್ರ್ಯ ಸಿಟಿಜನ್‌ಗಳಿಗಿತ್ತು, ತುಂಬಾ ಜನ ಬರಲೂ ಇಲ್ಲ. ನಮಗೆ ಬೇಡ ಅಂದ್ರೆ ಕೆಲಸ ಹೋದ ದಿನದಿಂದ 60 ದಿನದ ಗಡಿಯಾರ, ಅಷ್ಟರಲ್ಲಿ ಬೇರೆ ದಾರಿ ನೋಡ್ಕೋಬೇಕು.

ಹಳೇ ಆಫೀಸ್‌ನ ಕೆಫೆಟೇರಿಯಾದವರು, ಸೆಕ್ಯುರಿಟಿ, ರಾತ್ರಿ ಕ್ಲೀನ್ ಮಾಡ್ತಿದ್ದ ಅಮ್ಮಂದಿರು, ಇವರೆಲ್ಲ ಕಾಂಟ್ರಾಕ್ಟರ್ ಕಡೆಯವರು, ಅವರನ್ನ ಪ್ಯಾಕೇಜ್ ಹಾಗಿರ್ಲಿ, ಟೌನ್‌ಹಾಲ್‌ಗೂ ಕರೀಲಿಲ್ಲ.

ಫ್ರೆಂಡ್ ಕೇಳಿದ ಎರಡನೇ ಪ್ರಶ್ನೆ, "ಹೋಗ್ಲಿ, ಟೆಕ್ಸಾಸ್‌ನೋರಿಗಾದ್ರೂ ಲಾಭ ಆಯ್ತಲ್ಲ?" ಇಲ್ಲೇ ನಂಗೆ ಆ ಟಿವಿ ನೆನಪಾಗೋದು. ಟೆಕ್ಸಾಸ್‌ನಲ್ಲಿ 2003ರಿಂದ ಎಂಟರ್‌ಪ್ರೈಸ್ ಫಂಡ್ ಅಂತ ಇದೆ, ಬೇರೆ ರಾಜ್ಯದ ಜೊತೆ ಪೈಪೋಟಿ ಇದ್ದಾಗ ಕಂಪನಿಗೆ ಕೊಡೋ ದುಡ್ಡು. ಟೊಯೋಟಾ ಕ್ಯಾಲಿಫೋರ್ನಿಯಾದ ಟಾರೆನ್ಸ್ ಬಿಟ್ಟು ಪ್ಲೇನೋಗೆ ಬರ್ತೀನಿ ಅಂತ 2014ರಲ್ಲಿ ಹೇಳಿದಾಗ 4 ಕೋಟಿ ಡಾಲರ್ ಕೊಟ್ರು, 4,000 ಕೆಲಸಕ್ಕೆ, ತಲೆಗೆ 10,000 ಡಾಲರ್. ಕೆಲಸ ಬರ್ಲಿಲ್ಲ ಅಂದ್ರೆ ದುಡ್ಡು ವಾಪಸ್ ಅನ್ನೋ ಷರತ್ತೂ ಇರತ್ತೆ, ನನ್ನ ಬಾಂಡ್ ಥರಾನೇ. ಆದ್ರೆ ಆ ಕೆಲಸಗಳಲ್ಲಿ ಹೆಚ್ಚಿನವು ಹಳೇ ಕೆಲಸಗಾರರ ಜೊತೇಲೇ ಬಂದಿದ್ದು, ಸೀಟು ಖಾಲಿ ಬಂದಿದ್ದಲ್ಲ, ಕೂತಿರೋ ಮನುಷ್ಯನ ಸಮೇತ ಬಂದಿದ್ದು. ನಾನೂ ಹಾಗೇ ಬಂದವನು. ಟೆಕ್ಸಾಸ್ ಲೆಕ್ಕದಲ್ಲಿ ನಾನು ಒಂದು ಹೊಸ ಕೆಲಸ, ಇಲ್ಲಿ ಹುಟ್ಟಿ ಬೆಳೆದು ಕೆಲಸ ಹುಡುಕ್ತಿರೋ ಹುಡುಗನಿಗೆ ನಾನು ಟ್ರಾಫಿಕ್ಕಲ್ಲಿ ಮುಂದೆ ನಿಂತಿರೋ ಇನ್ನೊಂದು ಕಾರು. ಟಿವಿನ ಪೌಂಡಲ್ಲಿ ತೂಗಿದ ಹಾಗೆ ಇದನ್ನ ತಲೆ ಲೆಕ್ಕದಲ್ಲಿ ತೂಗ್ತಾರೆ, ಒಳಗೆ ಏನಿದೆ ಅಂತ ಯಾರೂ ಬಿಚ್ಚಿ ನೋಡಲ್ಲ.

ಟಿಮೊತಿ ಬಾರ್ಟಿಕ್ ಅಂತ ಒಬ್ಬ ಎಕನಾಮಿಸ್ಟ್, ವರ್ಷಾನುಗಟ್ಟಲೆ ಇದನ್ನೇ ನೋಡ್ತಿರೋರು, 2018ರಲ್ಲಿ ಹಳೇ ಸ್ಟಡಿಗಳನ್ನೆಲ್ಲ ಗುಡ್ಡೆ ಹಾಕಿ ಹೇಳಿದ್ದು ಏನಂದ್ರೆ ಇಂಥ ದುಡ್ಡು ಕೊಟ್ಟಿದ್ದಕ್ಕೇ ಕಂಪನಿ ಅಲ್ಲಿಗೆ ಬಂತು ಅನ್ನಬಹುದಾದ್ದು ನೂರಕ್ಕೆ 2ರಿಂದ 25 ಸಲ ಅಷ್ಟೇ. ಮಿಕ್ಕವು ಕೊಡದೇ ಇದ್ರೂ ಬರ್ತಿದ್ವು. ನನಗೆ ಇದಕ್ಕಿಂತ ಮಜಾ ಅನ್ಸಿದ್ದು ಕಾನ್ಸಸ್ ಸಿಟಿ. ಆ ಊರಿನ ಮಧ್ಯೆನೇ ಸ್ಟೇಟ್ ಲೈನ್ ರೋಡ್, ಈ ಕಡೆ ಮಿಸ್ಸೂರಿ, ಆ ಕಡೆ ಕಾನ್ಸಸ್. ವರ್ಷಗಟ್ಟಲೆ ಕಂಪನಿಗಳು ಗಡಿ ದಾಟಿ ಆ ಕಡೆಗೆ ಹೋಗೋದು, ರಿಯಾಯ್ತಿ ತಗೊಳೋದು, ಇನ್ನೊಂದು ಕಂಪನಿ ಈ ಕಡೆಗೆ. ಕೆಲಸ ಮಾಡೋರು ಅದೇ ಮನೆ, ಅದೇ ಕಾರು, ಆಫೀಸ್‌ಗೆ ಹೋಗೋ ದಾರಿ ಸ್ವಲ್ಪ ಆ ಕಡೆ ಈ ಕಡೆ. 2019ರಲ್ಲಿ ಎರಡೂ ರಾಜ್ಯ ಸೇರಿ ಸಾಕಪ್ಪಾ ಅಂತ ರಾಜಿ ಮಾಡ್ಕೊಂಡ್ರು. ಇನ್ನು ಹೆಡ್ ಆಫೀಸ್ ಅನ್ನೋದು ಎಷ್ಟು ಹಗುರದ ಸಾಮಾನು ಅಂತ ಬೋಯಿಂಗ್ ನೋಡಿ, 2001ರಲ್ಲಿ ಸಿಯಾಟಲ್ ಬಿಟ್ಟು ಶಿಕಾಗೋ, 2022ರಲ್ಲಿ ಅಲ್ಲಿಂದ ವರ್ಜೀನಿಯಾದ ಆರ್ಲಿಂಗ್ಟನ್‌ಗೆ ಹೊರಟ್ರು, ಅಷ್ಟೂ ವರ್ಷ ಸಿಯಾಟಲ್ ಸುತ್ತ ವಿಮಾನ ಜೋಡಿಸೋರು ಅಲ್ಲೇ ಜೋಡಿಸ್ತಿದ್ರು. ಒರಾಕಲ್ ಕೂಡ, ಆಸ್ಟಿನ್‌ಗೆ ಬಂದು ನಾಲ್ಕು ವರ್ಷ ಆಗಿಲ್ಲ, 2024ರಲ್ಲಿ ಅದರ ಸ್ಥಾಪಕ ಲ್ಯಾರಿ ಎಲಿಸನ್ ಮುಂದಿನ ಹೆಡ್ ಕ್ವಾರ್ಟರ್ಸ್ ನ್ಯಾಶ್‌ವಿಲ್ ಅಂದ್ಬಿಟ್ರು.

ಪೂರ್ತಿ ಬೈಯ್ಯೋದೂ ಸರಿ ಅಲ್ಲ. ನಮ್ಮ ಟೀಮಲ್ಲಿ ಈಗ ಆರು ಜನ ಇಲ್ಲಿನ ಕಾಲೇಜಿಂದ ಬಂದ ಹುಡುಗ ಹುಡುಗಿಯರು, ಬೇ ಏರಿಯಾದಲ್ಲೇ ಇದ್ದಿದ್ರೆ ಇವರಿಗೆ ಈ ಕೆಲಸ ಇಲ್ಲ. ನಾನು ಬಂದಾಗ ಬಾಡಿಗೆ ಬೆಂಕಿ, ಆದ್ರೆ ಇಲ್ಲಿ ಸಿಕ್ಕಾಪಟ್ಟೆ ಅಪಾರ್ಟ್‌ಮೆಂಟ್ ಕಟ್ಟಿದ್ರು, ಆಮೇಲೆ ಬಾಡಿಗೆ ಇಳೀತು, ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ಬೇಗ ಕಟ್ಟೋಕೆ ಬಿಡ್ತಿರ್ಲಿಲ್ಲ, ಅದು ಒಪ್ಕೋಬೇಕು. ಆದ್ರೆ ನನ್ನ ತಲೆ ಕೂದಲು ಕತ್ತರಿಸೋ ಹೆಂಗಸು ಬಾಡಿಗೆ ಏರಿದಾಗಲೇ ಆಸ್ಟಿನ್ ದಕ್ಷಿಣಕ್ಕಿರೋ ಕೈಲ್ ಅನ್ನೋ ಊರಿನ ಕಡೆಗೆ ಹೋಗಿ ಆಯ್ತು, ಇಳಿದ ಮೇಲೆ ವಾಪಸ್ ಬಂದಿಲ್ಲ, ಮಕ್ಕಳ ಸ್ಕೂಲ್ ಅಲ್ಲೇ ಶುರು ಆಗಿತ್ತು. ಈಗ ದಿನಾ ಐ-35 ಹೈವೇ ಟ್ರಾಫಿಕ್ಕಲ್ಲಿ ಬರ್ತಾರೆ. ನಾವು ಬಂದಿದ್ದು ನಿಮಗೆ ಒಳ್ಳೇದಾಯ್ತಾ ಅಂತ ನಾನು ಕೇಳಿದ್ದಕ್ಕೆ "ಟಿಪ್ಸ್ ಜಾಸ್ತಿ ಬರತ್ತೆ, ಪೆಟ್ರೋಲ್‌ಗೆ ಹೋಗತ್ತೆ" ಅಂದ್ರು.

ನಂಗೆ ಆಗಿದ್ದು? ರಾಜ್ಯದ ಇನ್‌ಕಮ್ ಟ್ಯಾಕ್ಸ್ ಉಳೀತು, ನಿಜ. ಮನೆ ತಗೊಂಡ ಮೇಲೆ ಪ್ರಾಪರ್ಟಿ ಟ್ಯಾಕ್ಸ್ ವರ್ಷಕ್ಕೆ ಮನೆ ಬೆಲೆಯ ನೂರಕ್ಕೆ ಎರಡರ ಹತ್ತಿರ, ಪ್ರತಿ ವರ್ಷ ಅಪ್ರೈಸಲ್, ಅಂದ್ರೆ ಅವರು ಮನೆಗೆ ಕಟ್ಟೋ ಬೆಲೆ, ಜಾಸ್ತಿ ಮಾಡಿದೀರಾ ಅಂತ ಪ್ರೊಟೆಸ್ಟ್ ಹಾಕ್ಬೇಕು. ಎಂಟು ಪರ್ಸೆಂಟ್ ಕಟ್ ಸೇರಿಸಿ ನೋಡಿದ್ರೆ ಹೆಚ್ಚೂ ಇಲ್ಲ ಕಮ್ಮಿನೂ ಇಲ್ಲ, ಮನೆ ಮಾತ್ರ ದೊಡ್ಡದು, ಗುಡಿಸೋಕೆ ಅಷ್ಟೇ ಕಷ್ಟ.

ಸರಿ, ಮೂವರ್ಸ್‌ಗೆ 3 ಸ್ಟಾರ್, ಟಿವಿಗೆ ಒಂದು, ಗ್ರೈಂಡರ್‌ಗೆ ಒಂದು ಕಟ್. ಪ್ಯಾಕೇಜ್‌ಗೆ 2. ಕಂಪನಿಗಂತೂ 5ಕ್ಕೆ 5 ಸಿಕ್ಕಿದೆ, ಅವರು ರಿವ್ಯೂ ಬರಿಯಲ್ಲ ಬಿಡಿ. ಹೋಗೋರು ಇದ್ರೆ ಸೈನ್ ಹಾಕೋ ಮುಂಚೆ ಎಚ್‌ಆರ್ ಹತ್ರ ಮೂರು ವಿಷಯ ಮೇಲ್‌ನಲ್ಲಿ ತಗೊಳ್ಳಿ, ಲಂಪ್‌ಸಮ್‌ಗೆ ಗ್ರಾಸ್-ಅಪ್ ಇದೆಯಾ, ಸಾಮಾನಿಗೆ ಫುಲ್ ವ್ಯಾಲ್ಯೂ ಇದೆಯಾ, ಕಂಪನಿನೇ ತೆಗೆದು ಹಾಕಿದ್ರೂ ಬಾಂಡ್ ದುಡ್ಡು ಕಟ್ಟಬೇಕಾ. ಇಳಿಸೋ ಹುಡುಗರಿಗೆ ಕ್ಯಾಶ್ ಕೊಡಿ, ಅವರ ಕೈಗೇ ಕೊಡಿ. ಗ್ರೈಂಡರ್ ಮಾತ್ರ ಅವರ ಕೈಲೇ ಪ್ಯಾಕ್ ಮಾಡಿಸಿ, ಕಲ್ಲು ಬೇರೆ ತೆಗೆಸಿ, ಪಟ್ಟಿಲಿ ಪಿಬಿಒ ಅಂತ ಬರೀತಾರಾ ಅಂತ ಪಕ್ಕದಲ್ಲೇ ನಿಂತು ನೋಡಿ.