ಬಿಲ್ ಕೊಡದ ಅಂಗಡಿಯಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಬೇಡಿ

ಸಿಇಟಿ ಸೀಟು ಸಿಕ್ಕಿ, ಫೀಸು ಕಟ್ಟಿ, ಮಗಳನ್ನೋ ಮಗನನ್ನೋ ಹಾಸ್ಟೆಲ್‌ಗೆ ಬಿಡಲು ಬೆಂಗಳೂರಿಗೆ ಬರುವ ಅಪ್ಪ ಅಮ್ಮಂದಿರೇ, ದಯವಿಟ್ಟು ಇದನ್ನು ಓದಿ. ಯಾವ ಕಂಪನಿಯ ಲ್ಯಾಪ್‌ಟಾಪ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಯಾವ ಅಂಗಡಿಯಲ್ಲಿ ತಗೊಳ್ಳಬೇಕು ಅಂತ ಕೇಳುವವರು ಕಡಿಮೆ. ನಮ್ಮ ಅಕ್ಕನ ಮನೆಯವರಿಗೆ ಪೆಟ್ಟು ಬಿದ್ದಿದ್ದು ಅಲ್ಲೇ.

ಅಕ್ಕ ಭಾವ ತಿಪಟೂರಿನ ಕಡೆಯವರು, ತೆಂಗಿನ ತೋಟ ನಂಬಿಕೊಂಡವರು. ಮಗಳಿಗೆ ಇಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಫೀಸು ಹೋಗಿ ಉಳಿದದ್ದು ಲ್ಯಾಪ್‌ಟಾಪಿಗೆ ಅಂತ ಇಟ್ಟುಕೊಂಡು ಬಂದಿದ್ದರು. ಪಿಜಿ ತೋರಿಸಿದ ಮನುಷ್ಯನೇ ಅಂಗಡಿಯನ್ನೂ ತೋರಿಸಿದ. ಪಿಜಿ, ಹಾಸ್ಟೆಲ್‌ಗಳೇ ತುಂಬಿರುವ ಬಡಾವಣೆ ಅದು. ಅಂಗಡಿಯ ಮುಂದೆ ‘ಸ್ಟೂಡೆಂಟ್ ಆಫರ್’ ಅಂತ ದೊಡ್ಡ ಬ್ಯಾನರ್. ‘ಐ5, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, ಲೇಟೆಸ್ಟ್ ಪೀಸ್’ ಅಂತ ಹೇಳಿ 45,000 ರೂಪಾಯಿ ಬೆಲೆ ಹೇಳಿದರು. ಭಾವ ಬಿಲ್ ಕೇಳಿದಾಗ ಅಂಗಡಿಯವನ ಮಾತು ಹೀಗಿತ್ತಂತೆ:

“ಅಣ್ಣ, ಬಿಲ್ ಹಾಕಿದ್ರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ. ಸುಮ್ನೆ ಎಂಟು ಸಾವಿರ ಯಾಕೆ ಕಟ್ತೀರಾ? ಎಸ್ಟಿಮೇಟ್ ಕೊಡ್ತೀನಿ. ವಾರಂಟಿಗೆ ಏನೂ ತೊಂದ್ರೆ ಇಲ್ಲ, ಅದು ಸೀರಿಯಲ್ ನಂಬರ್ ಮೇಲೆ ಕಂಪನಿಯಿಂದಾನೇ ಬರುತ್ತೆ.”

ಈ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ವಾರಂಟಿ ಸೀರಿಯಲ್ ನಂಬರಿಗೆ ಅಂಟಿಕೊಂಡಿರುವುದು ಹೌದು. ಆದರೆ ಯಾವ ದಿನದಿಂದ ಲೆಕ್ಕ ಅನ್ನುವುದರಲ್ಲಿ ತಕರಾರು ಬಂದರೆ ಕಂಪನಿ ಕೇಳುವುದು ಬಿಲ್ಲನ್ನೇ. ಇನ್ನು ಜಿಎಸ್‌ಟಿ ವಿಷಯ. ಲ್ಯಾಪ್‌ಟಾಪ್ ಮೇಲೆ 18 ಪರ್ಸೆಂಟ್ ತೆರಿಗೆ ಇರುವುದು ನಿಜ, ಆದರೆ ಡಬ್ಬದ ಮೇಲೆ ಅಚ್ಚಾಗಿರುವ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿಯೇ ಇರುತ್ತದೆ. ಬಿಲ್ ಬೇಕಾದರೆ ಬೇರೆ ರೇಟು ಅಂತ ಒಬ್ಬ ವ್ಯಾಪಾರಿ ಬಾಯಿಬಿಟ್ಟ ಕೂಡಲೇ ಆ ಅಂಗಡಿಯಿಂದ ಎದ್ದು ಬನ್ನಿ. ಚೌಕಾಸಿಗೂ ನಿಲ್ಲಬೇಡಿ.

ಡಬ್ಬ ಸೀಲ್ ಆಗಿಯೇ ಇತ್ತಂತೆ. “ಸಾಫ್ಟ್‌ವೇರ್ ಎಲ್ಲಾ ಹಾಕಿ ಕೊಡ್ತೀವಿ, ಟೀ ಕುಡ್ಕೊಂಡು ಬನ್ನಿ” ಅಂದು ಅವರೇ ಒಡೆದು ಒಳಗಿನ ರೂಮಿಗೆ ತಗೊಂಡು ಹೋದರು. ದುಡ್ಡನ್ನು ಹಾಕಿಸಿಕೊಂಡ ಯುಪಿಐ ಕ್ಯೂಆರ್ ಅಂಗಡಿಯ ಹೆಸರಿನದಲ್ಲ, ಯಾವುದೋ ವ್ಯಕ್ತಿಯ ಹೆಸರಿನದು. ಕೈಗೆ ಬಂದ ಚೀಟಿಯಲ್ಲಿ ‘ಲ್ಯಾಪ್‌ಟಾಪ್ 1’ ಅಂತ, ಅದರ ಮುಂದೆ ಮೊತ್ತ. ಅಂಗಡಿಯ ಹೆಸರಿಲ್ಲ, ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ, ಸಹಿಯೂ ಇಲ್ಲ.

ಮೊದಲ ಕೆಲವು ತಿಂಗಳು ಹುಡುಗಿ ಏನೂ ಹೇಳಲಿಲ್ಲ. ಚಾರ್ಜರ್ ತೆಗೆದರೆ ಒಂದು ಕ್ಲಾಸು ಮುಗಿಯುವಷ್ಟರಲ್ಲಿ ಆರಿಹೋಗುತ್ತಿತ್ತು. ಲ್ಯಾಪ್‌ಟಾಪ್ ಅಂದರೆ ಹೀಗೇ ಇರುತ್ತೇನೋ ಅಂದುಕೊಂಡಿದ್ದಳು. ಅವಳಿಗೆ ಹೋಲಿಸಿ ನೋಡಲು ಮನೆಯಲ್ಲಿ ಇನ್ನೊಂದು ಎಲ್ಲಿತ್ತು? ಆಮೇಲೆ ಪರದೆಯ ಮೂಲೆಯಲ್ಲಿ ವಿಂಡೋಸ್ ಆಕ್ಟಿವೇಟ್ ಮಾಡಿ ಅನ್ನುವ ಮಂಕು ಅಕ್ಷರ ಬಂದು ಕೂತಿತು. “ಚಿಕ್ಕಮ್ಮ, ಇದೇನು ನೋಡಿ” ಅಂತ ಫೋನ್ ಮಾಡಿದಳು. ನಾನು ಕೆಲಸ ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. ಮೆಷಿನ್ ತರಿಸಿಕೊಂಡು ಕೂತು ನೋಡಿದೆ.

ಟಾಸ್ಕ್ ಮ್ಯಾನೇಜರ್ ತೆಗೆದರೆ ಪ್ರೊಸೆಸರ್ ಐ5-10310ಯು. ಅದು 2020ರ ಹತ್ತನೇ ಜನರೇಷನ್ ಚಿಪ್, ಹೆಚ್ಚಾಗಿ ಆಫೀಸುಗಳಿಗೆ ಹೋಗುವ ಬಿಸಿನೆಸ್ ಮಾಡೆಲ್‌ಗಳಲ್ಲಿ ಬರುವಂಥದ್ದು. ಎಸ್‌ಎಸ್‌ಡಿ, ಅಂದರೆ ಫೈಲುಗಳೆಲ್ಲ ಉಳಿಯುವ ಡ್ರೈವ್, ಅದಾಗಲೇ ಸಾವಿರಾರು ಗಂಟೆ ಓಡಿತ್ತು. ಬ್ಯಾಟರಿ ರಿಪೋರ್ಟಿನಲ್ಲಿ ಮೂಲ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಡಬ್ಬದ ಮೇಲಿನ ಸೀರಿಯಲ್ ನಂಬರೇ ಬೇರೆ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮೆಷಿನ್ನಿನ ಒಳಗೇ ಇರುವ ಮೂಲ ಸಾಫ್ಟ್‌ವೇರ್) ಕಾಣುವುದೇ ಬೇರೆ. ಬಯೋಸ್‌ನ ನಂಬರನ್ನು ತಯಾರಿಸಿದ ಕಂಪನಿಯ ವೆಬ್‌ಸೈಟಿಗೆ ಹಾಕಿದಾಗ ವಾರಂಟಿ ಶುರುವಾಗಿದ್ದು 2021ರಲ್ಲಿ ಅಂತ ಬಂತು. ಅಕ್ಕನ ಮಗಳ ಕೈಗೆ ಬರುವ ಎಷ್ಟೋ ಮೊದಲೇ ಅದು ಮುಗಿದುಹೋಗಿತ್ತು.

ಇಂಥವು ಎಲ್ಲಿಂದ ಬರುತ್ತವೆ ಅಂತ ತಿಳಿದಿರಲಿ. ಬೆಂಗಳೂರಿನ ಕಂಪನಿಗಳು ನೌಕರರಿಗೆ ಕೊಡುವ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಲೀಸಿನವು. ಮೂರ್ನಾಲ್ಕು ವರ್ಷ ಬಳಸಿ ವಾಪಸ್ ಕೊಟ್ಟ ಮೇಲೆ ಅವು ರಾಶಿಗಟ್ಟಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಅವು ಕೆಟ್ಟ ಮಾಲಲ್ಲ. ಗಟ್ಟಿಮುಟ್ಟಾಗಿ ಮಾಡಿದ ಯಂತ್ರಗಳು. ಬಳಸಿದ್ದು ಅಂತಲೇ ಹೇಳಿ, ಅದಕ್ಕೆ ತಕ್ಕ ರೇಟಿಗೆ ಬಿಲ್ ಹಾಕಿ ಕೊಟ್ಟರೆ ಕೈ ಬಿಗಿಯಿರುವ ಮನೆಯ ಮಕ್ಕಳಿಗೆ ನಾನೇ ಶಿಫಾರಸು ಮಾಡುತ್ತೇನೆ. ಹೊಸ ಡಬ್ಬಕ್ಕೆ ತುಂಬಿ, ಹೊಸದು ಅಂತ ಹೇಳಿ, ಹೊಸದರ ದುಡ್ಡು ತಗೊಳ್ಳುವುದು ಮಾತ್ರ ಕಳ್ಳತನ. ಅದೂ ಹದಿನೆಂಟು ವರ್ಷದ ಹುಡುಗಿ, ಇಂಗ್ಲಿಷ್ ಬಾರದ ಅಪ್ಪ ಎದುರಿಗೆ ನಿಂತಿದ್ದಾಗ. ಬರೆಯುವಾಗ ಈಗಲೂ ಸಿಟ್ಟು ಬರುತ್ತೆ.

ಭಾವನ ಜೊತೆ ಅಂಗಡಿಗೆ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆಯೇ “ಬಿಲ್ ಎಲ್ಲಿದೆ ಮೇಡಂ?” ಚೀಟಿ ತೋರಿಸಿದರೆ ಅದು ನಮ್ಮದಲ್ಲ ಅಂದರು. ಕ್ಯೂಆರ್‌ನ ಹೆಸರು ಓದಿದರೆ ಆ ಹುಡುಗ ಕೆಲಸ ಬಿಟ್ಟು ಹೋದ ಅಂದರು. ಗೋಡೆಯ ಮೇಲೆ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅನ್ನುವ ಬೋರ್ಡು ತೋರಿಸಿದರು. ನಮ್ಮ ಕೈಯಲ್ಲಿ ಉಳಿದಿದ್ದ ಒಂದೇ ಗಟ್ಟಿ ಆಧಾರ ಅಂದರೆ ವಾಟ್ಸಾಪ್. ಲ್ಯಾಪ್‌ಟಾಪ್ ಕೊಳ್ಳುವ ಹಿಂದಿನ ದಿನ ಅದೇ ಅಂಗಡಿಯ ನಂಬರಿನಿಂದ ಭಾವನಿಗೆ ಡಬ್ಬದ ಫೋಟೋ, ಜೊತೆಗೆ ‘ಬ್ರ್ಯಾಂಡ್ ನ್ಯೂ ಪೀಸ್, 45,000’ ಅನ್ನುವ ಮೆಸೇಜ್ ಬಂದಿತ್ತು. ಅದು ಅಳಿಸಿಹೋಗದೆ ಹಾಗೇ ಇತ್ತು.

ಕಾನೂನು ಏನು ಹೇಳುತ್ತದೆ ಅಂತ ಇಂಥ ಅಂಗಡಿಯವರಿಗೆ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂದರೆ ಯಾವುದು ಅಂತ ಪಟ್ಟಿಯೇ ಇದೆ. ಬಳಸಿದ ಅಥವಾ ನವೀಕರಿಸಿದ ವಸ್ತುವನ್ನು ಹೊಸದು ಅಂತ ಮಾರುವುದು ಅದರಲ್ಲಿದೆ. ಬಿಲ್ ಕೊಡದಿರುವುದೂ ಇದೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಇದೆ. ಗೋಡೆಯ ಬೋರ್ಡು ಇದನ್ನೆಲ್ಲ ಅಳಿಸಲಾರದು.

ದೂರಿಗೆ ಮೊದಲು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಅಂಗಡಿಯವರ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ, ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಊರಿನವರು ತಿಳಿಯಲೇಬೇಕಾದ್ದು ಇನ್ನೊಂದಿದೆ: ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಭಾವ ತುಮಕೂರಿನಲ್ಲಿ ಕೊಟ್ಟಿದ್ದಾರೆ.

ಹಾಗಾದರೆ ಎಲ್ಲಿ ತಗೊಳ್ಳಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ. ಮೊದಲ ಸಲ ತಗೊಳ್ಳುವವರು, ಜೊತೆಯಲ್ಲಿ ತಿಳಿದವರು ಇಲ್ಲದವರು, ಕಂಪನಿಯ ಸ್ವಂತ ಹೆಸರಿನ ಶೋರೂಮಿಗೆ ಹೋಗಿ. ಒಂದೆರಡು ಸಾವಿರ ಜಾಸ್ತಿ ಆಗಬಹುದು, ಆಗಲಿ. ನಿಮ್ಮ ಜಿಲ್ಲಾ ಕೇಂದ್ರದಲ್ಲೇ ಅಂಥದ್ದಿದ್ದರೆ ಇನ್ನೂ ಒಳ್ಳೆಯದು, ಕೆಟ್ಟರೆ ಅಲ್ಲಿಗೇ ಹೋಗಿ ಕೇಳಬಹುದು. ಹಲವು ಕಂಪನಿಗಳು ಕಾಲೇಜಿನ ಐಡಿ ತೋರಿಸಿದರೆ ವಿದ್ಯಾರ್ಥಿ ರಿಯಾಯಿತಿ ಕೊಡುತ್ತವೆ, ಅದನ್ನು ಬಾಯಿಬಿಟ್ಟು ಕೇಳಿ. ಎಸ್‌.ಪಿ. ರೋಡಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಟೌನ್ ಹಾಲ್ ಹತ್ತಿರದ ಆ ರಸ್ತೆಯಲ್ಲಿ ವರ್ಷಗಳಿಂದ ನಿಯತ್ತಾಗಿ ವ್ಯಾಪಾರ ಮಾಡುವವರಿದ್ದಾರೆ, ರ‍್ಯಾಮ್ ಹಾಕಿಸಲು, ಬಿಡಿಭಾಗಕ್ಕೆ ನಾನೇ ಹೋಗುತ್ತೇನೆ. ಆದರೆ ಅಲ್ಲಿ ಕೊಳ್ಳಲು ಕಣ್ಣು ಪಳಗಿರಬೇಕು. ಅಡ್ಮಿಷನ್ ಗಡಿಬಿಡಿಯಲ್ಲಿ, ಸಂಜೆ ಬಸ್ಸಿಗೆ ವಾಪಸ್ ಹೋಗಬೇಕಾದವರು ಹೋಗುವ ಜಾಗ ಅಲ್ಲ. ಆನ್‌ಲೈನ್‌ನಲ್ಲಾದರೆ ಮಾರುವವರ ಹೆಸರು ನೋಡಿ, ‘ರಿನ್ಯೂಡ್’, ‘ರಿಫರ್ಬಿಷ್ಡ್’ (ಬಳಸಿದ್ದನ್ನು ಸರಿಮಾಡಿ ಮಾರುವುದು) ಅನ್ನುವ ಪದ ಎಲ್ಲಾದರೂ ಇದೆಯಾ ನೋಡಿ, ಡಬ್ಬ ಒಡೆಯುವುದನ್ನು ಮೊದಲಿಂದ ಕೊನೆಯವರೆಗೆ ವಿಡಿಯೋ ಮಾಡಿ.

ಅವಸರವೂ ಬೇಡ. ಮೊದಲ ಸೆಮಿಸ್ಟರಿನ ಪ್ರೋಗ್ರಾಮಿಂಗಿಗೆ ಕಾಲೇಜಿನ ಲ್ಯಾಬ್ ಸಾಕಾಗುತ್ತದೆ. ಕೆಲವು ವಾರ ಕಾದು, ಸೀನಿಯರ್‌ಗಳನ್ನು ಕೇಳಿಯೇ ತಗೊಳ್ಳಿ. ಮೆಕ್ಯಾನಿಕಲ್‌ನಲ್ಲಿ ಕ್ಯಾಡ್ ಓಡಿಸುವವರಿಗೆ ಬೇಕಾದದ್ದೇ ಬೇರೆ, ಬಿಕಾಂ ಓದುವವರಿಗೆ ಬೇಕಾದದ್ದೇ ಬೇರೆ.

ಯಾವ ಅಂಗಡಿಯಾದರೂ ದುಡ್ಡು ಕೊಡುವ ಮುಂಚೆ ಡಬ್ಬ ನಿಮ್ಮ ಎದುರಿಗೇ ಒಡೆಯಬೇಕು, ಒಳಗಿನ ರೂಮಿಗೆ ಹೋಗಬಾರದು. ಮೊದಲ ಸಲ ಆನ್ ಮಾಡಿದಾಗ ಭಾಷೆ, ದೇಶ ಕೇಳುತ್ತಾ ಶುರುವಾಗಬೇಕು. ನೇರ ಡೆಸ್ಕ್‌ಟಾಪ್ ಬಂದರೆ ಯಾರೋ ಮುಟ್ಟಿದ್ದಾರೆ. ಡಬ್ಬದ ಮೇಲಿನ, ಮೆಷಿನ್ ಅಡಿಯ, ಬಯೋಸ್‌ನ ಸೀರಿಯಲ್ ನಂಬರ್ ಮೂರೂ ಒಂದೇ ಇರಬೇಕು. ಅದನ್ನು ಅಲ್ಲೇ ನಿಂತು ನಿಮ್ಮ ಫೋನಿನಲ್ಲಿ ಕಂಪನಿಯ ವೆಬ್‌ಸೈಟಿಗೆ ಹಾಕಿ ವಾರಂಟಿ ತಾರೀಕು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ (ವಿಂಡೋಸ್‌ಗೆ ಲೈಸೆನ್ಸ್ ಇದೆಯಾ ಅಂತ ತೋರಿಸುವುದು) ಅನ್ನುವ ಜಾಗಕ್ಕೆ ಹೋದಾಗ ಡಿಜಿಟಲ್ ಲೈಸೆನ್ಸ್ ಅಂತ ಇದ್ದರೆ ಸರಿ. ‘ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸರ್ವಿಸ್’ ಅನ್ನುವ ಅರ್ಥದ ಸಾಲು ಇಂಗ್ಲಿಷಿನಲ್ಲಿ ಬಂದರೆ, ಮನೆಬಳಕೆಯ ಮೆಷಿನ್ನಿಗೆ ಅದು ಬರುವಂಥದ್ದಲ್ಲ. ಆ ಬಗೆಯ ಆಕ್ಟಿವೇಷನ್ 180 ದಿನಕ್ಕೊಮ್ಮೆ ನವೀಕರಣ ಆಗದಿದ್ದರೆ ನಿಂತುಹೋಗುತ್ತದೆ. ಬರೀ ‘ಐ5’ ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ, ಹಳೆಯ ಚಿಪ್ಪಿಗೂ ಅದೇ ಹೆಸರು; ಪ್ರೊಸೆಸರಿನ ಪೂರ್ತಿ ನಂಬರ್ ಕೇಳಿ ಬರೆಸಿಕೊಳ್ಳಿ.

ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್, ಅಂಗಡಿಯ 15 ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದ ಅಂಗಡಿಯಾದರೆ ಅದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ಯಾರು ಬೇಕಾದರೂ ನೋಡಬಹುದು. ದುಡ್ಡೂ ಅದೇ ಹೆಸರಿನ ಖಾತೆಗೆ ಹೋಗಲಿ.

ಭಾವನ ದೂರು ಇನ್ನೂ ಮುಗಿದಿಲ್ಲ. ನೋಟಿಸು ಹೋದ ಮೇಲೆ ಅಂಗಡಿಯವರು ಅರ್ಧ ದುಡ್ಡು ಕೊಡ್ತೀವಿ, ದೂರು ವಾಪಸ್ ತಗೊಳ್ಳಿ ಅಂತ ಫೋನ್ ಮಾಡಿದರು. ಭಾವ ಒಪ್ಪಲಿಲ್ಲ. ಹುಡುಗಿ ಈಗ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಾಳೆ. ನಿಮಗೂ ಹೀಗೆ ಆಗಿದ್ದರೆ ಆ ಮೆಷಿನ್ ರಿಪೇರಿಗೆ ಕೊಡಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಡಬ್ಬ, ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಎಲ್ಲ ಹಾಗೇ ಎತ್ತಿಟ್ಟುಕೊಂಡು ಮೊದಲು 1915ಕ್ಕೆ ಫೋನ್ ಮಾಡಿ.